ಹಗಲಿನಲ್ಲಿ ಉರಿದ ಹೆಡ್‌ಲೈಟು

ಡ್ಯಾಶ್‌ಬೋರ್ಡಿನ ಮೇಲೆ, ಮುಂಗಾಜಿನ ಬುಡದಲ್ಲಿ, ಕಡಲೆಕಾಳಿಗಿಂತ ತುಸು ದೊಡ್ಡದಾದ ಒಂದು ಗಾಜಿನ ಕಣ್ಣು ಇತ್ತು. ಗಾಯಕ್ಕೆ ಅಂಟಿಸುವ ಪಟ್ಟಿಯನ್ನು ಅದರ ಮೇಲೆ ಎರಡು ಪದರವಾಗಿ ಅಂಟಿಸಿದ್ದರು. ಆ ಕಾರಿನೊಳಗೆ ನಾನು ಮೊದಲು ನೋಡಿದ್ದು ಅದನ್ನೇ ಎಂದು ಈಗ ನೆನಪಾಗುತ್ತದೆ. ಆದರೆ ಆ ದಿನದ ದಿನಚರಿಯಲ್ಲಿ ಮೊದಲು ಬರೆದದ್ದು ಸೀಟುಗಳ ಕೆಂಪು ಬಣ್ಣ, ಎಡಗಡೆಗಿದ್ದ ಸ್ಟೇರಿಂಗು. ಪಟ್ಟಿಯ ಮಾತು ಪುಟದ ಕೊನೆಗೆ ಬರುತ್ತದೆ. ಮುಂದೇನಾಯಿತೆಂದು ಗೊತ್ತಾದ ಮೇಲೆ ನೆನಪು ತನ್ನ ಸಾಮಾನನ್ನು ಬೇರೆ ಕ್ರಮದಲ್ಲಿ ಜೋಡಿಸಿಕೊಳ್ಳುತ್ತದೆಂಬ ಅನುಮಾನ ನನಗೆ ಮೊದಲಿನಿಂದಲೂ ಇದೆ. ಎಲ್ಲಿ ಖಾತ್ರಿಯಿಲ್ಲವೋ ಅಲ್ಲಿ ಹಾಗೆಂದೇ ಹೇಳುತ್ತೇನೆ.

"ಇದನ್ನ ಯಾರು ಹಚ್ಚಿದ್ರು?" ಎಂದು ಕೇಳಿದೆ.

"ನಾನಽ ಹಚ್ಚೇನ್ರಿ," ಎಂದ ಡ್ರೈವರ್. ಲಕ್ಷ್ಮೇಶ್ವರದವನು, ಐವತ್ತರ ಆಸುಪಾಸು, ಮೊದಲು ಲಾರಿ ಓಡಿಸಿದವನು. "ಕಣ್ಣು ಮುಚ್ಚಿದ್ರ ಮಲಗತೈತಿ ಅಂತ ತಿಳದೆ. ಅದು ಮಲಗಲಿಲ್ರಿ. ಊರೆಲ್ಲಾ ಎಬ್ಬಿಸ್ತು."

ಅವನ ಜೊತೆ ಬಂದಿದ್ದ ಕಾರಿನ ಧಣಿ, ಸಣ್ಣ ಸಾವಕಾರ, ನಗಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಬಂದಿದ್ದ ನಾನು ಗದಗಿನಲ್ಲಿ ನಮ್ಮ ಚಿಕ್ಕಪ್ಪನ ಆಟೋ ಎಲೆಕ್ಟ್ರಿಕ್ ಅಂಗಡಿಯಲ್ಲಿ ಲಾರಿಗಳ ಡೈನಮೋ, ಸ್ಟಾರ್ಟರು ಬಿಚ್ಚುತ್ತಿದ್ದೆ. ಸಣ್ಣ ಸಾವಕಾರ ಶಿಗ್ಲಿಯವನು. ಅಣ್ಣ ತಮ್ಮ ಸೇರಿ ಹತ್ತಿ, ಶೇಂಗಾದ ವ್ಯಾಪಾರ ಮಾಡುತ್ತಿದ್ದರು. ಈ ಹಳೆಯ ಅಮೆರಿಕನ್ ಕಾರು ಮುಂಬೈಯ ಯಾರದೋ ಮನೆಯಿಂದ ಹುಬ್ಬಳ್ಳಿಯ ದಲಾಲಿಯೊಬ್ಬನ ಕೈ ದಾಟಿ ಅವರಿಗೆ ಬಂದಿತ್ತು. ಕತ್ತಲಾದರೆ, ಆ ಗಾಜಿನ ಕಣ್ಣಿನ ಅಪ್ಪಣೆಯಂತೆ, ಅದರ ಹೆಡ್‌ಲೈಟುಗಳು ತಾವಾಗಿಯೇ ಹೊತ್ತಿಕೊಳ್ಳುತ್ತಿದ್ದವು. ಇಡೀ ತಾಲೂಕಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಸಣ್ಣ ಸಾವಕಾರ ಸಂಜೆಗೊಮ್ಮೆ ಕಾರನ್ನು ಮನೆಯ ಮುಂದೆ ನಿಲ್ಲಿಸಿ, ಬಂದವರಿಗೆ ಅದನ್ನು ತೋರಿಸುತ್ತಿದ್ದನಂತೆ.

ತೊಂದರೆ ಶುರುವಾದದ್ದು ಅಣ್ಣ ಆಸ್ಪತ್ರೆ ಸೇರಿದ ಮೇಲೆ. ಹೊಟ್ಟೆಯ ಹುಣ್ಣು ಒಡೆದು ಅವನನ್ನು ಗದಗಿಗೆ ತಂದು ಆಪರೇಷನ್ ಮಾಡಿಸಿದ್ದರು. ಮರುದಿನ ಡ್ರೈವರ್ ಹಾಸಿಗೆ, ಬಟ್ಟೆ ತರಲು ಖಾಲಿ ಕಾರು ತೆಗೆದುಕೊಂಡು ಊರಿಗೆ ಹೊರಟಿದ್ದ. ಶಿರಹಟ್ಟಿ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ದಟ್ಟ ಹುಣಸೆಮರಗಳು. ನೆರಳಿಗೆ ದೀಪ ಹೊತ್ತುವುದು, ಬಿಸಿಲಿಗೆ ಆರುವುದು, ಮತ್ತೆ ಹೊತ್ತುವುದು. ರೇಗಿಹೋಗಿ ಅವನು ಕಾರು ನಿಲ್ಲಿಸಿ, ಬೆರಳಿನ ಗಾಯಕ್ಕೆಂದು ಕಿಸೆಯಲ್ಲಿಟ್ಟುಕೊಂಡಿದ್ದ ಪಟ್ಟಿಯನ್ನು ಆ ಕಣ್ಣಿಗೆ ಅಂಟಿಸಿಬಿಟ್ಟ. ಕಣ್ಣಿಗೆ ಬೆಳಕು ಬೀಳದಿದ್ದರೆ ಅದರ ಲೆಕ್ಕದಲ್ಲಿ ರಾತ್ರಿಯೇ ತಾನೆ? ದೀಪಗಳು ಹೊತ್ತಿದವು, ಆರಲೇ ಇಲ್ಲ. ಬಿಸಿಲಿನಲ್ಲಿ ಅವು ಉರಿಯುತ್ತಿರುವುದು ಒಳಗೆ ಕೂತವನಿಗೆ ಕಾಣಲೂ ಇಲ್ಲ.

ನಮ್ಮ ಕಡೆ ಆಗ ಆಸ್ಪತ್ರೆಯಿಂದ ಹೆಣ ತರುವ ಗಾಡಿ ಮಟಮಟ ಮಧ್ಯಾಹ್ನವಾದರೂ ಹೆಡ್‌ಲೈಟು ಹಚ್ಚಿಕೊಂಡೇ ಬರುತ್ತಿತ್ತು. ದಾರಿಯಲ್ಲಿದ್ದವರು ಚಕ್ಕಡಿ ಬದಿಗೆ ಹೊಡೆದು, ತಲೆಯ ರುಮಾಲು ತೆಗೆದು ನಿಲ್ಲುತ್ತಿದ್ದರು. ಫೋನು ಅಪರೂಪವಾಗಿದ್ದ ಊರುಗಳಿಗೆ ಖಬರು ಮುಟ್ಟುತ್ತಿದ್ದದ್ದೇ ಹಾಗೆ. ಹೀಗಾಗಿ ಕಾರು ಶಿಗ್ಲಿಯ ಅಗಸಿಬಾಗಿಲು ಹೊಕ್ಕಾಗ ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಬಾಗಿಲುಗಳು ತೆರೆದವು, ಅಳು ಎದ್ದಿತು. ಡ್ರೈವರ್ ಎಂಜಿನ್ ನಿಲ್ಲಿಸಿ ಕೆಳಗಿಳಿದು, "ಯಾರೂ ಸತ್ತಿಲ್ರಿ, ಖರೆ ಹೇಳಾಕತ್ತೇನಿ," ಎಂದು ಕೂಗಿದರೆ ಜನ ಅವನ ಹಿಂದೆ ಉರಿಯುತ್ತಿದ್ದ ದೀಪಗಳನ್ನು ನೋಡಿದರು. ಎಂಜಿನ್ ನಿಲ್ಲಿಸಿದ ಮೇಲೂ, ಮನೆಯ ಬಾಗಿಲಿನವರೆಗೆ ನಡೆದುಹೋಗಲು ಬೆಳಕಿರಲೆಂದು, ದೀಪಗಳು ಒಂದಷ್ಟು ಹೊತ್ತು ಉರಿಯುವ ವ್ಯವಸ್ಥೆ ಆ ಕಾರಿನಲ್ಲಿತ್ತು. ಡ್ರೈವರ್ ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದಾನೆಂದು ಅವರು ತಿಳಿದರು. ನಿಜ ಎಲ್ಲರಿಗೂ ತಿಳಿಯುವಷ್ಟರಲ್ಲಿ ನಾಲ್ಕು ಜನ ಹೊಲಕ್ಕೆ ಹೋಗಿ ಕುಣಿ ತೋಡಲು ಶುರು ಮಾಡಿದ್ದರು. ತೋಡಿದ ಕುಣಿ ಬರಿದೇ ಮುಚ್ಚಬಾರದೆಂದು ಹಿರಿಯರು ಅದರಲ್ಲಿ ಬಾಳೆದಿಂಡು ಇಟ್ಟು ಮುಚ್ಚಿಸಿದರಂತೆ.

ಸಾವಕಾರರ ಅವ್ವ ಅಂದಿನಿಂದ ಬೀದಿಯ ಕಡೆ ಮುಖ ಮಾಡಿ ಕೂತಿರಲಿಲ್ಲ. ಮಜ್ಜಿಗೆ ಬಿಟ್ಟು ಬೇರೇನೂ ಬಾಯಿಗೆ ಹಾಕುತ್ತಿರಲಿಲ್ಲ. ಮಗ ಬದುಕಿದ್ದಾನೆಂದು ಯಾರು ಹೇಳಿದರೂ ಆಕೆಯದು ಒಂದೇ ಮಾತು. ಅದನ್ನು ಸಣ್ಣ ಸಾವಕಾರ ನನಗೆ ಹಾಗೆಯೇ ಹೇಳಿದ: "ಇನ್ನೊಮ್ಮೆ ಆ ಗಾಡಿ ಕಣ್ಣು ತೆರಕೊಂಡು ಬಂದ್ರ ನಾ ಕೇಳಾಕ ಹೊರಗ ಬರಾಂಗಿಲ್ಲ."

"ಗುರುವಾರ ಅಣ್ಣನ್ನ ಮನಿಗೆ ಕಳಸ್ತಾರ," ಎಂದ. "ಅಷ್ಟರಾಗ ಈ ದೀಪ ತಾವಾಗಿ ಹತ್ತಬಾರದು. ಆದ್ರ ಸಾಮಾನು ಕೆಡಿಸಬ್ಯಾಡ್ರಿ. ಆಟೋಮೆಟಿಕ್ ಐತಿ ಅಂತನಽ ಈ ಗಾಡಿ ತಗೊಂಡೇನಿ."

"ಬ್ಯಾರೆ ಗಾಡಿ ಮಾಡ್ರಲ್ಲ?"

"ಬ್ಯಾರೆ ಗಾಡಿ ಬಂದ್ರ, ಮನ್ಯಾಗ ಕಾರಿದ್ದು ಬಾಡಿಗಿ ಗಾಡ್ಯಾಗ ಯಾಕ ತಂದ್ರು ಅಂತ ಆಕಿ ಮೊದಲು ಅದನ್ನಽ ಕೇಳ್ತಾಳ್ರಿ."

ಅಂದು ಸೋಮವಾರ.

ಮೊದಲು ಪಟ್ಟಿ ಕಿತ್ತು, ಕಣ್ಣಿನ ಕೆಳಗಿದ್ದ ಕನೆಕ್ಟರ್ ಬಿಚ್ಚಿದೆ. ಬೆಳಕನ್ನು ಅರಿಯುವ ಆ ಫೋಟೋಸೆಲ್ಲೇ ಇಲ್ಲದಿದ್ದರೆ ದೀಪ ಹೇಗೆ ಹೊತ್ತೀತು ಎಂಬುದು ನನ್ನ ತರ್ಕ. ಕೀಲಿ ತಿರುಗಿಸಿದ ಕ್ಷಣ ಅಂಗಡಿಯ ಗೋಡೆಯ ಮೇಲೆ ಎರಡು ಬಿಳಿ ವೃತ್ತಗಳು ಮೂಡಿದವು. ಬೆಳಕು ಬಿದ್ದಾಗ ಆ ಸೆಲ್ಲಿನ ವಿದ್ಯುತ್ ರೋಧ ಇಳಿಯುತ್ತದೆ, ಕತ್ತಲಲ್ಲಿ ಏರುತ್ತದೆ. ಬಿಚ್ಚಿಟ್ಟ ತಂತಿಯ ರೋಧಕ್ಕೆ ಕೊನೆಯೇ ಇಲ್ಲ. ಅಂದರೆ ಕಡುಗತ್ತಲು.

"ಎಂಎಸ್ಸಿ ಸಾಹೇಬ್ರ," ಎಂದ ಡ್ರೈವರ್, ಬೀಡಿ ಹಚ್ಚುತ್ತ, "ನಾ ಪಟ್ಟಿ ಹಚ್ಚಿದೆ, ನೀವು ಕಣ್ಣಽ ಕಿತ್ತಿರಿ. ಫರಕ್ ಏನಾತ್ರಿ?"

ಆಮೇಲೆ ಡ್ಯಾಶ್‌ಬೋರ್ಡಿನ ಹಿಂದಿದ್ದ ಡಬ್ಬಿಯನ್ನೇ ಬೇರ್ಪಡಿಸಿ ನೋಡಿದೆ. ಫೋಟೋಸೆಲ್ಲಿನ ಸಂಕೇತ ಹಿಗ್ಗಿಸಿ, ದೀಪದ ಕರೆಂಟನ್ನು ಕೂಡಿಸುವ ರಿಲೇ ಎಂಬ ವಿದ್ಯುತ್ ಸ್ವಿಚ್ಚನ್ನು ಎಳೆಯುವ ಡಬ್ಬಿ ಅದು. ಈಗ ದೀಪಗಳು ಆರಿದವು, ಆದರೆ ಕೈಯಿಂದ ಸ್ವಿಚ್ ಎಳೆದರೂ ಹೊತ್ತಲಿಲ್ಲ. ಮೂಲದಲ್ಲಿ ಆಟೋಮೆಟಿಕ್ಕಿಗೂ ಕೈಸ್ವಿಚ್ಚಿಗೂ ಬೇರೆ ಬೇರೆ ದಾರಿ ಇದ್ದಿರಬೇಕು. ಹಿಂದೆ ಯಾರೋ, ಸುಟ್ಟುಹೋದ ಸ್ವಿಚ್ಚನ್ನು ಬದಲಿಸುವ ಬದಲು, ಅದರ ತಂತಿಯನ್ನೂ ಈ ರಿಲೇಗೇ ತಂದು ಸೇರಿಸಿದ್ದ. ಆಟೋಮೆಟಿಕ್ ಬಂದ್ ಮಾಡುವ ಸಣ್ಣ ಗುಂಡಿ ಯಾವತ್ತೋ ಮುರಿದು ಹೋಗಿತ್ತು. ದೀಪಕ್ಕೆ ಸಂಬಂಧಿಸಿದ ಪ್ರತಿಯೊಂದು ನಿರ್ಧಾರವೂ ಆ ಒಂದೇ ಡಬ್ಬಿಯೊಳಗೆ ಸಿಕ್ಕಿಕೊಂಡಿತ್ತು.

ಕಾರಿನ ನಕ್ಷೆ ನನ್ನ ಬಳಿ ಇರಲಿಲ್ಲ. ಮಂಗಳವಾರವಿಡೀ ಮೀಟರ್ ಹಿಡಿದು ಒಂದೊಂದೇ ತಂತಿಯ ಬೆನ್ನು ಹತ್ತಿದೆ. ಕಾರು ನಿಂತ ಕಡೆ ಬಿಸಿಲು ಬೀಳುವ ಹೊತ್ತಿನಲ್ಲಿ ಸೆಲ್ಲಿನ ರೋಧ ಅಳೆದು, ಬೆಟಗೇರಿಯ ರೇಡಿಯೋ ರಿಪೇರಿಯವನಿಂದ ಅಷ್ಟೇ ರೋಧದ ಒಂದು ರೆಸಿಸ್ಟರ್ ತಂದು ಕಣ್ಣಿನ ಜಾಗದಲ್ಲಿ ಬೆಸೆದೆ. ಈಗ ಡಬ್ಬಿಯ ಪಾಲಿಗೆ ಸದಾಕಾಲ ಹಗಲು. ದೀಪ ಆರಿತು. ಸ್ವಿಚ್ ಎಳೆದೆ, ಹೊತ್ತಿತು. ಒತ್ತಿದೆ, ಆರಿತು. ಕಾರಿನ ಮುಂಭಾಗಕ್ಕೆಲ್ಲ ತಾಡಪತ್ರಿ ಹೊದಿಸಿ ಕತ್ತಲು ಮಾಡಿದೆ. ಹೊತ್ತಲಿಲ್ಲ. ಯಾವ ವಸ್ತುವೂ ಕೆಟ್ಟಿರಲಿಲ್ಲ. ಬೇಕೆಂದಾಗ ರೆಸಿಸ್ಟರ್ ತೆಗೆದು ಕಣ್ಣನ್ನು ಮತ್ತೆ ಕೂಡಿಸಬಹುದಿತ್ತು. ಸಣ್ಣ ಸಾವಕಾರನಿಗೂ ಒಪ್ಪಿಗೆಯಾಯಿತು. ನನಗೆ ಹೆಮ್ಮೆಯಾಗಿದ್ದಿರಬೇಕು, ಏಕೆಂದರೆ ಅಂದಿನ ದಿನಚರಿಯಲ್ಲಿ ಸರ್ಕ್ಯೂಟಿನ ಚಿತ್ರವನ್ನು ಅಗತ್ಯಕ್ಕಿಂತ ಚೆಂದ ಬರೆದಿದ್ದೇನೆ.

ಬುಧವಾರ ಬೆಳಿಗ್ಗೆ ಪರೀಕ್ಷೆಗೆಂದು ಮುಂಡರಗಿ ರಸ್ತೆಯಲ್ಲಿ ಹೊರಟೆವು. ಡ್ರೈವರ್ ಮುಂದೆ. ರೋಗಿ ಕೂರುವ ಜಾಗದಲ್ಲಿ ಕುಲುಕಾಟ ಎಷ್ಟೆಂದು ನೋಡಲು ನಾನು ಹಿಂದೆ. ಆಕಾಶ ಮೋಡ ಕಟ್ಟಿತ್ತು, ಮದರಾಸಿನ ಕಡೆ ಚಂಡಮಾರುತವೆಂದು ರೇಡಿಯೋದಲ್ಲಿ ಹೇಳಿದ್ದರು. ಒಂದು ದೊಡ್ಡ ತಗ್ಗಿನಲ್ಲಿ ಕಾರು ಹಾರಿ ಬಿತ್ತು. ಸ್ವಲ್ಪ ದೂರದಲ್ಲಿ ಹತ್ತಿಯ ಹೊಲದಿಂದ ಒಬ್ಬ ರೈತ ರಸ್ತೆಗೆ ಬಂದ. ನಮ್ಮನ್ನು ನೋಡಿದ, ನಿಂತ, ರುಮಾಲು ತೆಗೆದ. ಕಾರು ಅವನನ್ನು ದಾಟುವಾಗ ಹಿಂದಿನ ಸೀಟಿನಲ್ಲಿದ್ದ ನನ್ನ ಕಡೆಗೇ ಕೈ ಮುಗಿದ.

ಡ್ರೈವರ್ ಬ್ರೇಕು ಹಾಕಿದ. ಇಬ್ಬರೂ ಇಳಿದು ಮುಂದೆ ಹೋಗಿ ನೋಡಿದೆವು. ದೀಪಗಳು ಉರಿಯುತ್ತಿದ್ದವು.

ಡಬ್ಬಿಯ ಮುಚ್ಚಳ ತೆಗೆದಾಗ ಕಾರಣ ಕಂಡಿತು. ರಿಲೇಯ ಎರಡು ನಾಲಿಗೆಗಳು ವರ್ಷಗಟ್ಟಲೆ ಕಿಡಿ ತಿಂದು ಹಳ್ಳಬಿದ್ದಿದ್ದವು, ಹಿಡಿದಿಡುವ ಸ್ಪ್ರಿಂಗು ಸಡಿಲವಾಗಿತ್ತು. ಜೋರಾಗಿ ಕುಲುಕಿದರೆ ಅವು ತಾವಾಗಿ ತಾಗಿ, ಒಂದಕ್ಕೊಂದು ಅಂಟಿಕೊಂಡುಬಿಡುತ್ತಿದ್ದವು. ಬೆಳಕು ಕತ್ತಲಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಉಪ್ಪುಕಾಗದ ತಿಕ್ಕಿ ನಯಗೊಳಿಸಬಹುದಿತ್ತು, ಸ್ಪ್ರಿಂಗು ಬಿಗಿ ಮಾಡಬಹುದಿತ್ತು. ನಾನು ರಸ್ತೆಯ ಬದಿಯಲ್ಲಿ ಕೂತು ಅದನ್ನೇ ಮಾಡಲು ಶುರು ಮಾಡಿ, ನಡುವೆ ನಿಲ್ಲಿಸಿದೆ. ಶಿಗ್ಲಿಯವರೆಗಿನ ಅಷ್ಟೂ ತಗ್ಗುಗಳಲ್ಲಿ ಒಂದರಲ್ಲೂ ಅದು ತಾಗುವುದಿಲ್ಲವೆಂದು ನಾನು ಹೇಳಬಲ್ಲೆನೇ? ಹೇಳಲಾರೆ. ಕೈ ಮುಗಿದವನ ಮುಖ ಕಣ್ಣೆದುರು ಇತ್ತು.

ಅಂಗಡಿಗೆ ಬಂದು ಸಣ್ಣ ಸಾವಕಾರನಿಗೆ ಹೇಳಿದೆ: "ಡಬ್ಬಿ ಪೂರಾ ತಗೀತೇನಿ. ಇನ್ನ ಈ ಗಾಡಿಗೆ ಆಟೋಮೆಟಿಕ್ ಇರಾಂಗಿಲ್ಲ."

"ಕೆಡಿಸಬ್ಯಾಡ್ರಿ ಅಂತ ಹೇಳಿದ್ನೆಲ್ಲ?" ಅವನ ಧ್ವನಿ ಏರಿತು. "ನಿಮಗ ಆಗೂದಿಲ್ಲಂದ್ರ ಹುಬ್ಬಳ್ಳಿಗೆ ಒಯ್ತೇನಿ."

"ಒಯ್ರಿ. ಗುರುವಾರದೊಳಗ ಅವರು ಏನು ಮಾಡಿದ್ರೂ ತಗ್ಗು ಬಿದ್ದಲ್ಲಿ ಹತ್ತೂದಿಲ್ಲ ಅಂತ ಬರದು ಕೊಡ್ತಾರೇನು ಕೇಳ್ರಿ. ನಾ ಅಂತೂ ಕೊಡಾಂಗಿಲ್ಲ."

ಅವನು ಅಂಗಡಿಯ ಹೊರಗೆ ಹೋಗಿ ನಿಂತ. ಡ್ರೈವರ್ ಅವನ ಪಕ್ಕ ಹೋಗಿ ಏನೋ ಹೇಳಿದ. ಏನೆಂದು ನನಗೆ ಕೇಳಿಸಲಿಲ್ಲ. ತಿರುಗಿ ಬಂದ ಸಣ್ಣ ಸಾವಕಾರ ಕಾರಿನ ಬಾನೆಟ್ಟಿನ ಮೇಲೆ ಒಮ್ಮೆ ಕೈಯಾಡಿಸಿ, "ತಗೀರಿ," ಎಂದ.

ತೆಗೆದೆ. ಬ್ಯಾಟರಿಯಿಂದ ದಪ್ಪ ತಂತಿ, ಅದಕ್ಕೊಂದು ಫ್ಯೂಜು, ಅಲ್ಲಿಂದ ಲಾರಿಗೆ ಹಾಕುವ ಎಳೆ-ಒತ್ತು ಸ್ವಿಚ್ಚು, ಸ್ವಿಚ್ಚಿನಿಂದ ನೇರವಾಗಿ ದೀಪಗಳಿಗೆ. ನಡುವೆ ಯೋಚನೆ ಮಾಡುವಂಥದ್ದು ಏನೂ ಇಲ್ಲ. ಡ್ಯಾಶ್‌ಬೋರ್ಡಿನ ಹೊಳೆಯುವ ಸಾಲಿನಲ್ಲಿ ಆ ಕಪ್ಪು ಗುಂಡಿ ವಿಕಾರವಾಗಿ ಕಾಣುತ್ತಿತ್ತು. ಫ್ಯೂಜಿನ ಪಕ್ಕ, ಮುಂದೆ ಯಾವುದಕ್ಕಾದರೂ ಬೇಕಾದೀತೆಂದು, ಕರೆಂಟು ಬರುವ ಒಂದು ಬರಿಯ ತಿರುಪು ಬಿಟ್ಟಿದ್ದೆ. ಮತ್ತೆ ಮುಂಡರಗಿ ರಸ್ತೆಗೆ ಹೋಗಿ ಅದೇ ತಗ್ಗಿನಲ್ಲಿ ಡ್ರೈವರ್ ಬೇಕೆಂದೇ ಮೂರು ನಾಲ್ಕು ಸಲ ಕಾರು ಹಾಯಿಸಿದ. ದೀಪ ಹೊತ್ತಲಿಲ್ಲ.

ಗುರುವಾರ ನಾನೂ ಜೊತೆಗೆ ಹೊರಟೆ. ಯಾರೂ ಕರೆದಿರಲಿಲ್ಲ. ನನ್ನ ಕೆಲಸದ ಮೇಲೆ ನನಗೇ ನಂಬಿಕೆ ಇರಲಿಲ್ಲ ಎನ್ನುವುದೇ ಸರಿಯಾದೀತು. ಸಣ್ಣ ಸಾವಕಾರ ಬೆಳಿಗ್ಗೆಯೇ ಬಸ್ಸಿನಲ್ಲಿ ಮುಂದೆ ಹೋಗಿ ಅವ್ವನ ಬಳಿ ಇದ್ದ. ಮಧ್ಯಾಹ್ನ ಊಟದ ಹೊತ್ತಿಗೆ ಆಸ್ಪತ್ರೆಯವರು ಅಣ್ಣ ದೊಡ್ಡ ಸಾವಕಾರನನ್ನು ಕಳಿಸಿದರು. ಹಿಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಅವನನ್ನು ಒರಗಿಸಿದೆವು. ಬತ್ತಿದ ಮುಖ, ಬೆಳೆದ ಗಡ್ಡ. ಹೊಲಿಗೆ ಬಿಚ್ಚಿದ್ದರೂ ಕೈ ಹೊಟ್ಟೆಯ ಮೇಲೆಯೇ ಇತ್ತು. ಊರಿನಲ್ಲಿ ನಡೆದದ್ದನ್ನು ಅವನಿಗೆ ಹೇಳಬಾರದೆಂದು ನಮಗೆಲ್ಲ ತಾಕೀತಾಗಿತ್ತು.

ಶಿರಹಟ್ಟಿಯವರೆಗೆ ಜಿಟಿಜಿಟಿ ಮಳೆ. ಅಲ್ಲಿಂದ ಮುಂದೆ ಮೋಡ ನೆಲಕ್ಕೇ ಇಳಿದಂತಾಯಿತು. ಮಾಗಡಿಯ ಕೆರೆ ಹತ್ತಿರವಾಗುವ ಹೊತ್ತಿಗೆ ಮಳೆ ಹುಯ್ಯುತ್ತಿತ್ತು. ಚಳಿಗಾಲಕ್ಕೆ ಬಂದಿಳಿದಿದ್ದ ಬಾತುಗಳು ದಂಡೆಯ ಹೊಲದಲ್ಲಿ ಬೂದಿಯ ಗುಪ್ಪೆಗಳ ಹಾಗೆ ಮುದುಡಿ ಕೂತಿದ್ದವು. ಮಧ್ಯಾಹ್ನವೆಂದು ಹೇಳುವ ಹಾಗಿರಲಿಲ್ಲ. ಎದುರಿಗೆ ಬಂದ ಲಾರಿ ದೀಪ ಹಚ್ಚಿಕೊಂಡಿತ್ತು, ಆದರೆ ಲಾರಿಯ ದೀಪಕ್ಕೆ ಯಾರೂ ಅಳುವುದಿಲ್ಲ. ಡ್ರೈವರ್ ಗಾಜಿಗೆ ಮೂಗು ತಾಗಿಸಿ, ನಿಧಾನಕ್ಕೆ ಓಡಿಸುತ್ತಿದ್ದ. ಅವನ ಕೈ ಕಪ್ಪು ಗುಂಡಿಯ ಹತ್ತಿರ ಹೋಗುವುದು, ಹಿಂದಕ್ಕೆ ಬರುವುದು.

"ದೀಪ ಹಚ್ಚೋ," ಎಂದ ಹಿಂದಿನಿಂದ ದೊಡ್ಡ ಸಾವಕಾರ.

ಡ್ರೈವರ್ ಮುಂಗಾಜನ್ನು ಅಂಗೈಯಿಂದ ಒರೆಸಿದ.

"ಲೇ, ಕಿವುಡಾದಿಯೇನು? ದೀಪ ಹಚ್ಚು."

"ಕಾಣಸ್ತೈತ್ರಿ," ಎಂದ ಡ್ರೈವರ್.

ಅವನ ಬಾಯಿ ಮುಚ್ಚುವ ಮೊದಲು ಮಳೆಯೊಳಗಿಂದ ಒಂದು ಚಕ್ಕಡಿ ಎದ್ದು ಬಂತು. ಶೇಂಗಾ ಚೀಲಗಳ ಗುಡ್ಡೆ, ಎತ್ತುಗಳ ಒದ್ದೆ ಬೆನ್ನು, ಚೀಲ ಹೊದ್ದ ಮನುಷ್ಯ. ಡ್ರೈವರ್ ಸ್ಟೇರಿಂಗು ತಿರುಗಿಸಿದ. ಕಾರು ಎರೆಮಣ್ಣಿನ ಮೇಲೆ ಜಾರಿ, ಅಡ್ಡಕ್ಕೆ ತಿರುಗಿ, ಕಾಲುವೆಯ ಅಂಚಿನಲ್ಲಿ ನಿಂತಿತು. ಎತ್ತಿನ ಕೊಂಬು ನನ್ನ ಕಡೆಯ ಗಾಜಿಗೆ ಒಂದು ಗೇಣು ದೂರ ಇತ್ತು. ಹಿಂದೆ ದೊಡ್ಡ ಸಾವಕಾರ ಹೊಟ್ಟೆ ಹಿಡಿದು ನರಳಿದ.

ಚಕ್ಕಡಿಯವನು ಬೈಯುತ್ತ ಹತ್ತಿರ ಬಂದ. "ಕಣ್ಣಿಲ್ಲೇನ್ರಿ ನಿಮಗ? ಇಷ್ಟು ದೊಡ್ಡ ದೀಪಾ ಇಟಗೊಂಡು ಏನು ಪೂಜಿ ಮಾಡ್ತೀರಿ?"

ಅವನಿಗೆ ಸಮಾಧಾನ ಹೇಳಿ ಕಳಿಸಿದ ಮೇಲೆ ಡ್ರೈವರಿಗೆ ತಡೆದುಕೊಳ್ಳಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟ: ಪಟ್ಟಿ, ದೀಪ, ಅಳು, ಕುಣಿ, ಬಾಳೆದಿಂಡು, ಅವ್ವನ ಮಾತು. ಹೇಳುತ್ತ ಅಳುತ್ತಿದ್ದ. ನಾನು ಹಿಂದಕ್ಕೆ ತಿರುಗಿ ನೋಡಿದೆ. ರೋಗಿಯ ಮುಖ ಕತ್ತಲಲ್ಲಿ ಕಾಣಲಿಲ್ಲ.

"ಯಾವ ಹೊಲದಾಗ ತೋಡಿದ್ರು?" ಎಂದು ಕೇಳಿದ.

"ಬಾವಿ ಮಗ್ಗಲದ ಹೊಲದಾಗ್ರಿ."

"ಅಯ್ಯ ಇವನ. ಅಲ್ಲಿ ಬಿಳಿಜೋಳ ಬಿತ್ತಿದ್ದೆ." ಅವನು ನಕ್ಕ. ನೋವಿಗೆ ನಗು ಅರ್ಧಕ್ಕೇ ನಿಂತಿತು. "ದೀಪ ಹಚ್ಚು. ಇಲ್ಲಂದ್ರ ಆ ಕುಣಿ ಮತ್ತ ತೋಡಬೇಕಾಗತೈತಿ, ಮೂರು ಮಂದಿಗೆ."

ಹಚ್ಚಿದರೆ ಆ ಮುದುಕಿ. ಹಚ್ಚದಿದ್ದರೆ ಇನ್ನೊಂದು ಚಕ್ಕಡಿ. ಮಳೆ ನಿಲ್ಲಲೆಂದು ಅಲ್ಲೇ ಕಾದರೆ ನಿಜವಾದ ಕತ್ತಲೇ ಆದೀತು, ಆಗಲೂ ದೀಪ ಬೇಕೇ ಬೇಕು. ನಾನು ಮೂರು ದಿನ ದುಡಿದದ್ದು ದೀಪ ತಾನಾಗಿ ಹೊತ್ತದಿರಲೆಂದು. ಈಗ ಅದನ್ನು ಕೈಯಾರೆ ಹೊತ್ತಿಸಬೇಕಿತ್ತು.

ಮುಂದಿನದ್ದು ಯಾರಿಗೆ ಹೊಳೆಯಿತೆಂಬುದು ನನಗೆ ಖಾತ್ರಿಯಿಲ್ಲ. ನನಗೇ ಎಂದು ಬಹಳ ವರ್ಷ ನಂಬಿದ್ದೆ, ಹಾಗೆಂದು ಕೆಲವರಿಗೆ ಹೇಳಿಯೂ ಇದ್ದೇನೆ. ದಿನಚರಿಯಲ್ಲಿ ಇರುವುದು "ಒಳಗೆ ದೀಪ ಹಚ್ಚುವುದೆಂದಾಯಿತು" ಎಂದಷ್ಟೇ. ಯಾರು ಅಂದದ್ದೆಂದು ಆ ವಾಕ್ಯ ಹೇಳುವುದಿಲ್ಲ. ಕೈಚೀಲದಲ್ಲಿ ನನ್ನ ಕೆಲಸದ ದೀಪವಿತ್ತು, ತಂತಿಯ ಪಂಜರದೊಳಗೆ ಒಂದು ಬಲ್ಬು, ತುದಿಗೆ ಎರಡು ಚಿಮಟಿಗೆಗಳು. ಫ್ಯೂಜಿನ ಪಕ್ಕ ಬಿಟ್ಟಿದ್ದ ಬರಿಯ ತಿರುಪಿಗೆ ಒಂದನ್ನು, ಬಾಗಿಲಿನ ಕಬ್ಬಿಣಕ್ಕೆ ಇನ್ನೊಂದನ್ನು ಕಚ್ಚಿಸಿದೆ. ನಾನು ಹಿಂದಿನ ಸೀಟಿಗೆ ಹೋಗಿ ಕೂತೆ. ಡ್ರೈವರ್ ಕಪ್ಪು ಗುಂಡಿ ಎಳೆದ. ರಸ್ತೆ ಎದ್ದು ಕಾಣಿಸಿತು.

ಲಕ್ಷ್ಮೇಶ್ವರ ದಾಟಿದ ಮೇಲೆ, ಬದುಕಿರುವ ಮುಖ ಹೊರಗಿನವರಿಗೆ ಕಾಣಲೆಂದು, ಕೆಲಸದ ದೀಪವನ್ನು ದೊಡ್ಡ ಸಾವಕಾರನ ಗದ್ದದ ಕೆಳಗೆ ಹಿಡಿದೆ.

"ಸರಿಸೋ ಮಾರಾಯಾ, ಕಣ್ಣು ಕುಕ್ಕತಾವು. ನಾ ಏನು ನಾಟಕದ ರಾಜಾ ಪಾರ್ಟಿ ಏನು?"

"ಮನಿ ಮುಟ್ಟೂತನಕ ತಡೀರಿ."

"ಗಡ್ಡಾನರೆ ಮಾಡಿಸಿ ತರಬಾರದೇನು. ಹಿಂಗ ನೋಡಿದ್ರ ಹೆಣಾ ಎದ್ದು ಕುಂತೈತಿ ಅಂತಾರ."

ಅಗಸಿಯ ಬಳಿ ಪಡಸಾಲೆಯ ಸೂರಿನ ಕೆಳಗೆ ಮಳೆಗೆ ನಿಂತವರಿದ್ದರು. ಹೆಡ್‌ಲೈಟು ಅವರ ಮೇಲೆ ಬಿದ್ದಾಗ ರುಮಾಲುಗಳು ಕೆಳಗಿಳಿದದ್ದನ್ನು ನೋಡಿದೆ. ಎಲ್ಲೋ ಒಂದು ಹೆಂಗಸಿನ ಧ್ವನಿ ಶುರುವಾಯಿತು. ಬಲ್ಬನ್ನು ಅವನ ಮುಖಕ್ಕೆ ಇನ್ನಷ್ಟು ಹತ್ತಿರ ತಂದೆ. ದೊಡ್ಡ ಸಾವಕಾರ ಗಾಜು ಇಳಿಸಿ, ಮಳೆಗೆ ತಲೆ ಹಾಕಿ, ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಕೂಗಿದ: "ಲೇ ಮಕ್ಕಳ್ರಾ, ನನ್ನ ಜೋಳದಾಗ ಗುದ್ದಲಿ ಹಾಕಿದವರು ಯಾರಲೇ?"

ಆ ಹೆಂಗಸಿನ ಧ್ವನಿ ಅರ್ಧಕ್ಕೆ ತುಂಡಾಯಿತು. ಯಾರೋ ನಕ್ಕರು. ಜನ ಮಳೆಯಲ್ಲಿ ಕಾರಿನ ಹಿಂದೆ ಓಡತೊಡಗಿದರು.

ಆದರೆ ಅವ್ವ ಇದೊಂದನ್ನೂ ನೋಡಲಿಲ್ಲ. ಅವಳು ಅಂದಂತೆಯೇ ಹೊರಗೆ ಬಂದಿರಲಿಲ್ಲ. ಪಡಸಾಲೆಯಲ್ಲಿ, ಬೀದಿಗೆ ಬೆನ್ನು ಮಾಡಿ, ಗೋಡೆಗೆ ಮುಖವಿಟ್ಟು ಕೂತಿದ್ದಳು. ಕಾರು ಬಾಗಿಲ ಮುಂದೆ ನಿಂತಾಗ ಹೆಡ್‌ಲೈಟಿನ ಬೆಳಕು ಅವಳನ್ನು ದಾಟಿ ಅದೇ ಗೋಡೆಯ ಮೇಲೆ ಬಿತ್ತು. ಅವಳ ನೆರಳು ಗೋಡೆಯ ಮೇಲೆ ಅವಳೆದುರಿಗೇ ದೊಡ್ಡದಾಗಿ ಮೂಡಿತು. ಅವಳು ಕಣ್ಣು ಮುಚ್ಚಿಕೊಂಡಳೆಂದು ಸಣ್ಣ ಸಾವಕಾರ ಆಮೇಲೆ ಹೇಳಿದ. ಅವನು ಭುಜ ಹಿಡಿದು ತಿರುಗಿಸಲು ನೋಡಿದರೂ ತಿರುಗಲಿಲ್ಲವಂತೆ. ನಾನು ಮುಖದ ಮುಂದೆ ಹಿಡಿದಿದ್ದ ಬಲ್ಬು ಊರಿಗೆಲ್ಲ ಉಪಯೋಗಕ್ಕೆ ಬಂದಿತ್ತು, ಅವಳೊಬ್ಬಳಿಗೆ ಬಿಟ್ಟು.

ನಾನೂ ಡ್ರೈವರೂ ಎರಡು ಕಡೆ ಹಿಡಿದು ದೊಡ್ಡ ಸಾವಕಾರನನ್ನು ಇಳಿಸಿದೆವು. ಮೂರು ಮೆಟ್ಟಿಲು ಹತ್ತುವುದರಲ್ಲಿ ಅವನಿಗೆ ಉಸಿರು ಸಾಲದಾಯಿತು. ಕಂಬ ಹಿಡಿದು ನಿಂತು, "ಯವ್ವಾ," ಎಂದ. "ಹಸಿವ್ಯಾಗೈತಿ."

ಅವಳು ತಿರುಗಿದಳು. ಮಗನನ್ನು ನೋಡಿದಳು. ಮುಟ್ಟಲಿಲ್ಲ, ಅಳಲಿಲ್ಲ. ಅವನ ಹಿಂದೆ, ಮಳೆಯಲ್ಲಿ ಇನ್ನೂ ಉರಿಯುತ್ತಿದ್ದ ಆ ಎರಡು ದೀಪಗಳನ್ನು ನೋಡಿದಳು.

"ಮೊದಲು ಅದನ್ನ ಆರಸ್ರಿ," ಎಂದಳು.

ಡ್ರೈವರ್ ಓಡಿಹೋಗಿ ಬಾಗಿಲೊಳಗೆ ಕೈ ಹಾಕಿ ಗುಂಡಿ ಒತ್ತಿದ. ಈ ಸಲ ದೀಪಗಳು ಅದೇ ಕ್ಷಣ ಆರಿದವು.